ಹಸೀನಾಬೀ ಕಟ್ಟಿದ ಕಟ್ಟು

ಹಸೀನಾಬೀ ಆ ದಾರವನ್ನು ಎಲ್ಲಿಗೆ ಒಯ್ಯುತ್ತಾಳೆ?

ರೊಟ್ಟಿ ಬಡಿಯುವಾಗ, ಕೂಸಿಗೆ ಎಣ್ಣೆ ಹಚ್ಚುವಾಗ, ಅತ್ತೆ ಏನೋ ಹೇಳುತ್ತಿದ್ದು ತಾನು ‘ಹೂಂರಿ’ ಎನ್ನುವಾಗಲೂ ಕಲ್ಯಾಣಮ್ಮನ ತಲೆಯಲ್ಲಿ ಇದೊಂದೇ ಮಾತು ನೊಣದಂತೆ ಕೂತು ಎದ್ದು ಮಾಡುತ್ತಿತ್ತು. ಓಡಿಸಿದಷ್ಟೂ ಮತ್ತೆ ಅಲ್ಲಿಗೇ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಪ್ರತಿ ಗುರುವಾರ ಬೆಳಿಗ್ಗೆ ಲಿಂಗಸುಗೂರಿನಿಂದ ಅಂಥದೊಂದು ಬಸ್ಸು ಮಸ್ಕಿಗೆ ಬಂದು ನಿಂತರೆ, ಮಸಿ ಮುಖವನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಹಸೀನಾಬೀ ಇಳಿಯುತ್ತಿದ್ದಳು. ಲಿಂಗಸುಗೂರಿನಲ್ಲಿ ವ್ಯಾಪಾರಸ್ಥರು ಸೇರಿ ನಡೆಸುತ್ತಿದ್ದ ಚಿಕ್ಕ ದವಾಖಾನೆಯ ಆಯಾ ಅವಳು. ಮನೆಗೆ ಬಂದವಳೇ ಮೊಣಕೈವರೆಗೆ ಕೈ ತೊಳೆದು, ಒಳಕೋಣೆಯ ಬಾಗಿಲು ಹಾಕಿ, ಕಲ್ಯಾಣಮ್ಮನ ಎದೆಗೆ ಬಿಗಿದ ಬಟ್ಟೆಯ ಕಟ್ಟು ಬಿಚ್ಚುತ್ತಿದ್ದಳು. ಎಡಮೊಲೆಯ ಮೇಲೆ ಕೊಯ್ದು ಹೊಲಿದ ಕಲೆಗೆ ಬೆರಳ ತುದಿಯಿಂದ ಮೆಲ್ಲಗೆ ಕೊಬ್ಬರಿ ಎಣ್ಣೆ ತಿಕ್ಕಿ ಮತ್ತೆ ಕಟ್ಟು ಬಿಗಿಯುತ್ತಿದ್ದಳು. ಇಷ್ಟು ಸರಿ. ಆದರೆ ಬಿಗಿಯುವ ಮುಂಚೆ ಸೊಂಟದ ಸಂಚಿಯಿಂದ ಒಂದು ಕೆಂಪು ದಾರ ತೆಗೆಯುವಳು. ಅದನ್ನು ಕಲೆಯ ಮೇಲೆ ಎಳೆದು ಹಿಡಿದು, ಅಲ್ಲಲ್ಲಿ ಗಂಟು ಹಾಕಿ, ತುಟಿ ಅಲುಗಿಸುತ್ತ ಏನೋ ಎಣಿಸಿ, ಸುತ್ತಿ ತಗಡಿನ ಡಬ್ಬಿಯೊಳಗೆ ಇಡುವಳು.

‘ಅದೇನು ಹಸೀನಾಬೀ?’

‘ಏನಿಲ್ಲ ಬಿಡ್ರಿ ಸಣ್ಣವ್ವಾರೆ. ನನ್ನ ಗುರ್ತಿಗೆ.’

‘ಎಂಥಾ ಗುರ್ತು?’

‘ನೀವು ಓದಿದವರು. ಹೇಳಿದ್ರ ನಗತೀರಿ.’

ನಗುವಂಥ ಮಾತಾದರೆ ಹೇಳಬಹುದಿತ್ತಲ್ಲ. ಹೇಳಲಾರದ್ದು ಏನೋ ಇದೆ ಎಂದು ಕಲ್ಯಾಣಮ್ಮ ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಆ ಕಲೆಗೆ ಎರಡು ಕಥೆ. ಒಂದು ಊರಿಗೆಲ್ಲ ಗೊತ್ತಿದ್ದದ್ದು. ಕೂಸು ಅಯ್ಯಮ್ಮ ಹುಟ್ಟಿದ ಎರಡು ತಿಂಗಳಿಗೆ, ಗಂಡನ ಮನೆತನದ ಹಳ್ಳಿ ಪಾಮನಕಲ್ಲೂರಿನಲ್ಲಿದ್ದಾಗ, ಎಡಗಡೆ ಹಾಲು ಕಟ್ಟಿ ಕೀವಾಗಿತ್ತು. ಜ್ವರ ಏರಿ ಮೈಮೇಲೆ ಎಚ್ಚರ ತಪ್ಪಿದಾಗ ಕ್ಷೌರದವನನ್ನು ಕರೆಸಿ ಕತ್ತಿಯಿಂದ ಕೊಯ್ಯಿಸಿದ್ದರು. ಜೀವ ಉಳಿಯಿತು. ಗಾಯ ಮಾಯುವಾಗ ಮಾತ್ರ ಚರ್ಮ ಚೀಲದ ಬಾಯಿ ಬಿಗಿದಂತೆ ಮುದುಡಿ, ಮೊಲೆಯನ್ನೇ ಒಂದು ಕಡೆಗೆ ಎಳೆದುಬಿಟ್ಟಿತು. ಕುಪ್ಪಸದ ಅಂಚಿನ ಮೇಲೆ ಅದರ ಕಪ್ಪು ತುದಿ ಸದಾ ಇಣುಕುತ್ತಿತ್ತು.

ಎರಡನೆಯ ಕಥೆ ಗೊತ್ತಿದ್ದದ್ದು ಗಂಡ ಬಸವಂತರಾಯನಿಗೆ, ರಾಯಚೂರಿನ ಲೇಡಿ ಡಾಕ್ಟರಿಗೆ, ಮತ್ತೆ ಹಸೀನಾಬೀಗೆ. ಒಳಗೆ ಕೀವು ಉಳಿದಿದೆ, ಇನ್ನೊಮ್ಮೆ ಕೊಯ್ಯಬೇಕಂತೆ ಎಂದು ಮನೆಯಲ್ಲಿ ಹೇಳಿ ಗಂಡ ಹೆಂಡತಿ ರಾಯಚೂರಿಗೆ ಹೋಗಿದ್ದರು. ಕೀವು ಎಂಥದೂ ಇರಲಿಲ್ಲ. ಆ ಕಡೆಯ ಹಾಲು ಪೂರ್ತಿ ಬತ್ತಿ ಕೂಸಿಗೆ ವರ್ಷ ತುಂಬುವವರೆಗೆ ಕಾಯಿಸಿ, ಡಾಕ್ಟರು ಆ ಮುದುಡಿದ ಚರ್ಮವನ್ನು ತೆಗೆದು, ಮೊಲೆಯನ್ನು ಸಮ ಮಾಡಿ, ಕುಪ್ಪಸದೊಳಗೆ ಮುಚ್ಚಿಹೋಗುವಂತೆ ಓರೆಯಾಗಿ ಸಣ್ಣ ಹೊಲಿಗೆ ಹಾಕಿದ್ದರು. ಬರೀ ಚೆಂದಕ್ಕೆ.

ಈ ‘ಚೆಂದಕ್ಕೆ’ ಎಂಬ ಮಾತು ಅತ್ತೆ ಶೇಖರಮ್ಮನ ಕಿವಿಗೆ ಬಿದ್ದರೆ ಮುಂದೆ ಏನಾಗುತ್ತದೆಂದು ಕಲ್ಯಾಣಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಹೈದರಾಬಾದಿನ ಶಾಲೆಯಲ್ಲಿ ಕಲಿತವಳೆಂದು ಮೊದಲೇ ಅವಳ ಬೈತಲೆಗೆ, ಚಪ್ಪಲಿಗೆ, ಚಹಾ ಕುಡಿಯುವ ರೀತಿಗೆ ಒಂದೊಂದು ಹೆಸರಿತ್ತು. ‘ನಮ್ಮ ಸೊಸಿ ಚೆಂದಕ್ಕ ಮೊಲಿ ಕೊಯ್ಸಿಕೊಂಡಾಳ್ರೆವ್ವಾ’ ಎಂದು ಅತ್ತೆ ಬಾವಿಯ ಕಟ್ಟೆಯ ಮೇಲೆ ಒಮ್ಮೆ ಅಂದರೆ ಸಾಕು. ಅದು ಮಸ್ಕಿ ದಾಟಿ, ಅತ್ತೆಯ ತವರು ಸಿಂಧನೂರಿನವರೆಗೆ ಸಂಜೆಯೊಳಗೆ ಮುಟ್ಟುತ್ತಿತ್ತು.

ಡಾಕ್ಟರು ಹೇಳಿ ಕಳಿಸಿದ್ದು ಇಷ್ಟು: ಭಾರ ಎತ್ತಬಾರದು, ತುರಿಸಬಾರದು, ಕಲೆಗೆ ಬಿಸಿಲು ತಾಗಿಸಬಾರದು, ಕಟ್ಟು ಸಡಿಲಾಗಬಾರದು. ಮೊದಮೊದಲು ಕೆಂಪಗೆ ಉಬ್ಬುತ್ತದೆ, ಹೆದರಬೇಡ. ವರ್ಷ ಕಳೆಯುವುದರೊಳಗೆ ತೆಳ್ಳನೆಯ ಗೆರೆಯಾಗುತ್ತದೆ. ‘ಲಿಂಗಸುಗೂರಿನ ಹಸೀನಾಬೀಯನ್ನು ಕಳಿಸುತ್ತೇನೆ. ಅವಳ ಕೈಗೆ ಬಿದ್ದ ಕಲೆ ಮಾತು ಕೇಳುತ್ತದೆ’ ಎಂದು ಡಾಕ್ಟರು ನಕ್ಕಿದ್ದರು. ಮಾತು ಕೇಳುತ್ತದೆ ಎಂದರೆ? ಕಲ್ಯಾಣಮ್ಮನಿಗೆ ಈಗ ಆ ನಗುವಿನ ಮೇಲೂ ಅನುಮಾನ.

ಎಣ್ಣೆ ತಿಕ್ಕುವಾಗ ಹಸೀನಾಬೀ ಸುಮ್ಮನಿರುತ್ತಿರಲಿಲ್ಲ. ತನ್ನ ಕಥೆ ತಾನೇ ಹೇಳಿಕೊಳ್ಳುವಳು. ಅಪ್ಪ ಅಮೀನ್‌ಸಾಬ್ ದರ್ಜಿ. ಲಿಂಗಸುಗೂರಿನ ದಂಡಿನ ಛಾವಣಿಯಲ್ಲಿ ಪಲ್ಟನ್ ಇದ್ದ ಕಾಲಕ್ಕೆ ಸಿಪಾಯಿಗಳ ಕೋಟು ಹೊಲಿದವನು. ಪಲ್ಟನ್ ಎದ್ದು ಹೋದ ಮೇಲೆ ಹಳ್ಳಿ ಹಳ್ಳಿ ತಿರುಗಿ ಅಂಗಿ ಕುಪ್ಪಸ ಹೊಲಿದ. ಟಾಂಗಾ ಹೊಡೆಯುವ ಹುಸೇನಬಾಷಾನಿಗೆ ಮಗಳನ್ನು ಕೊಟ್ಟ. ಇನ್ಫ್ಲುಯೆಂಜಾ ಬಂದ ವರ್ಷ ಒಂದೇ ವಾರದಲ್ಲಿ ಹುಸೇನಬಾಷಾ ಹೋದ, ಅವನ ಹಿಂದೆ ಎರಡೂ ಮಕ್ಕಳು ಹೋದವು.

‘ಆಮ್ಯಾಲ ಕೌದಿ ಹೊಲಕೊಂತ ಕುಂತೆ ನೋಡ್ರಿ. ಒಂದಿನ ದವಾಖಾನಿ ಕಂಪೌಂಡರ್ ಬಂದು, ನಿನ್ನ ಹೊಲಿಗಿ ಭಾಳ ಸಣ್ಣದೈತಿ, ಪಟ್ಟಿ ಕಟ್ಟಾಕ ಬರ್ತೀಯೇನು ಅಂದ. ಹರದ ಬಟ್ಟಿ ಆದ್ರೇನು, ಹರದ ಮೈ ಆದ್ರೇನು, ಎಳಿಬಾರದು, ಜಗ್ಗಬಾರದು, ಅಷ್ಟ. ಇಪ್ಪತ್ತು ವರ್ಷ ಆತು.’

‘ಹೋದ ವಾರ ಹದಿನೈದು ಅಂದಿದ್ದೆ.’

‘ಅಂದಿದ್ನೇನು?’ ಹಸೀನಾಬೀ ಹಲ್ಲಿಲ್ಲದ ಬದಿಯಿಂದ ನಕ್ಕಳು. ‘ನನಗ ಎಣಿಸಾಕ ಬರೋದು ಹತ್ತರತನಕ ರೀ. ಅದರ ಮುಂದಿಂದೆಲ್ಲ ನನಗ ಒಂದ.’

ಸುಳ್ಳಿಗೆ ಲೆಕ್ಕ ಇರುವುದಿಲ್ಲ ಎಂದುಕೊಂಡಳು ಕಲ್ಯಾಣಮ್ಮ.

ಇದರ ನಡುವೆ ಹಾಲು ಕಡಿಮೆಯಾಯಿತು. ಬಲಗಡೆ ಕುಡಿಯುತ್ತಿದ್ದ ಕೂಸು ಅರ್ಧಕ್ಕೇ ಬಿಟ್ಟು ಅಳತೊಡಗಿತು. ಕೂಸಿಗೆ ಹದಿನಾಲ್ಕು ತಿಂಗಳು, ಹಾಲಲ್ಲಿ ಕಿವುಚಿದ ರೊಟ್ಟಿ ತಿನ್ನುತ್ತಿತ್ತು. ತಾಯಿಯೂ ಚಿಂತೆಯಲ್ಲಿ ಒಂದು ರೊಟ್ಟಿಗೆ ಕೈ ತೊಳೆಯುತ್ತಿದ್ದಳು. ಹಾಲು ಇಳಿಯಲು ಇಷ್ಟೇ ಸಾಕು ಎಂದು ನೆಟ್ಟಗೆ ಯೋಚಿಸುವಷ್ಟು ಸಮಾಧಾನ ಅವಳಲ್ಲಿ ಉಳಿದಿರಲಿಲ್ಲ.

ಏಳನೆಯ ಗುರುವಾರ. ಹಸೀನಾಬೀ ಕೆಲಸ ಮುಗಿಸಿ ಹಿತ್ತಲಿಗೆ ಹೋಗಿದ್ದಳು. ಅಲ್ಲಿ ಮುಸುರೆ ತಿಕ್ಕುವ ಪೀರಮ್ಮನ ದನಿ ಕೇಳಿಸಿತು.

‘ಏನ್ ಬೇ ಹಸೀನಾ, ಹೆಂಗೈತಿ ಸಣ್ಣವ್ವನ ಕೆಲಸ?’

‘ಕಟ್ಟು ಬಿಗಿ ಹಾಕೀನಿ. ಬರೋ ಗುರುವಾರತನಕ ಅಕೀ ಕೈಲೆ ಬಿಚ್ಚಾಕ ಆಗಂಗಿಲ್ಲ. ಆದ್ರ ನಡುವ ಒಂದ ವಾರ ಗಂಟು ಹೆಚ್ಚಾಗಿತ್ತು ಬೇ. ಅಕೀ ಮುಂದ ಅನ್ನಬ್ಯಾಡ ಮತ್ತ. ಮೊದಲ ನೆರಳಿಗೂ ಅಂಜತಾಳ.’

ಕಲ್ಯಾಣಮ್ಮ ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡಳು. ಕಟ್ಟು! ಗಾಯಕ್ಕೆ ಬಿಗಿಯುವ ಬಟ್ಟೆಯೂ ಕಟ್ಟೇ, ಮಾಟದವರು ಹಾಕುವುದೂ ಕಟ್ಟೇ. ಮೊಲೆಯಲ್ಲಿ ಹಾಲು ನಿಂತರೂ ಕಟ್ಟಿತು ಎನ್ನುತ್ತಾರೆ. ಮೈಯ ಅಳತೆಯನ್ನು ದಾರದಲ್ಲಿ ತೆಗೆದು ಗಂಟು ಹಾಕಿ ಹೂಳಿದರೆ ಆ ಮೈ ಸೊರಗುತ್ತದೆಂದು ಅತ್ತೆ ಎಷ್ಟು ಸಲ ಹೇಳಿರಲಿಲ್ಲ! ಅಂಥದ್ದನ್ನೆಲ್ಲ ನಂಬಬಾರದೆಂದು ಶಾಲೆಯಲ್ಲಿ ಪ್ರಬಂಧ ಬರೆದು ಶಾಭಾಸಗಿರಿ ಪಡೆದವಳು ಕಲ್ಯಾಣಮ್ಮ. ಆದರೆ ಆಗ ಅವಳಿಗೆ ಕೂಸಿರಲಿಲ್ಲ.

ಮೂಲೆಯಲ್ಲಿ ಹಸೀನಾಬೀ ಸೊಂಟದಿಂದ ಬಿಚ್ಚಿಟ್ಟ ಸಂಚಿ ಇತ್ತು. ಡಬ್ಬಿ ತೆಗೆದಳು. ಒಳಗೆ ಕೆಂಪು ದಾರದ ಏಳು ಸುರುಳಿ. ಅಷ್ಟೇ ಅಲ್ಲ, ನೀಲಿ, ಹಸಿರು, ಹಳದಿ, ಕರಿ ದಾರಗಳ ಬೇರೆ ಬೇರೆ ಕಂತೆ. ಎಲ್ಲದಕ್ಕೂ ಗಂಟು.

‘ಅತ್ತೀ!’ ಎಂದು ಅವಳು ಕೂಗಿದ ಕೂಗಿಗೆ ತೊಟ್ಟಿಲಲ್ಲಿದ್ದ ಕೂಸೂ ಎದ್ದು ಅತ್ತಿತು.

ಶೇಖರಮ್ಮ ಬಂದಳು, ನೋಡಿದಳು, ಎರಡೂ ಕೈ ಸೊಂಟಕ್ಕೆ ಹೋದವು. ‘ಹಾಕ್ಯಾಳ ನೋಡು ಕಟ್ಟು! ಕೂಸು ಸುಮ್ಮಸುಮ್ಮನ ಅಳತೈತೇನು? ಏ ಹಸೀನಾ, ಬಾ ಬೇ ಇಲ್ಲಿ. ಏನಿದು?’

ಒದ್ದೆ ಕೈಯಲ್ಲೇ ಓಡಿಬಂದ ಹಸೀನಾಬೀ ಡಬ್ಬಿ ನೋಡಿ ನಿಂತಲ್ಲೇ ನಿಂತಳು. ‘ಅದು ಅಳತಿ ರೀ ದೊಡ್ಡವ್ವಾರೆ. ಬರೇ ಅಳತಿ.’

‘ಅಳತಿ ಯಾಕ ಬೇಕು ನಿನಗ? ನನ್ನ ಸೊಸೀಗೆ ಕುಪ್ಪಸ ಹೊಲಿತೀಯೇನು? ಕೀವಿನ ಗಾಯಕ್ಕ ಯಾರು ಅಳತಿ ತಗೋತಾರ?’

ಹಸೀನಾಬೀ ಕಲ್ಯಾಣಮ್ಮನ ಮುಖ ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

‘ಯಾಕ, ನಾಲಿಗಿ ಬಿದ್ದುಹೋತೇನು?’

‘ಡಬ್ಬಿ ಕೊಡ್ರಿ ಯವ್ವಾ,’ ಎಂದಳು ಕೊನೆಗೆ. ‘ಅದರಾಗ ಬ್ಯಾರೇ ಹೆಣ್ಣಮಕ್ಕಳ ಮಾನ ಐತಿ.’

ಈ ಮಾತಿಗೆ ಶೇಖರಮ್ಮನ ಕೂಗು ಓಣಿಯ ತುದಿ ಮುಟ್ಟಿತು. ಡಬ್ಬಿ ಕೊಡಲಿಲ್ಲ. ಹಸೀನಾಬೀ ಬಸ್ಸಿನ ಹೊತ್ತಿಗೂ ಕಾಯದೆ ಸಂಚಿ ತೆಗೆದುಕೊಂಡು ಹೊರಟಳು. ತಪ್ಪಿಲ್ಲದವಳಾದರೆ ಹೇಳಬಾರದಿತ್ತೇ, ಬಾಯಿ ಮುಚ್ಚಿಕೊಂಡಳೆಂದರೆ ಇದೆ ಎಂದೇ ಅರ್ಥ ಎಂದು ಕಲ್ಯಾಣಮ್ಮ ತನಗೆ ತಾನೇ ಹೇಳಿಕೊಂಡಳು.

ಮಾವ ಅಮರಗುಂಡಪ್ಪ ಹತ್ತಿ ವ್ಯಾಪಾರಿ. ಆ ದವಾಖಾನೆ ನಡೆಸುವ ಐವರಲ್ಲಿ ಒಬ್ಬರು. ಬಾಯಿ ಮಾತು ಬೇಡ, ಬರೆದುಕೊಡಿ ಎಂದರು. ಕಚೇರಿ ಕಾಗದವೆಂದರೆ ಉರ್ದುವಿನಲ್ಲೇ ಇರಬೇಕಾದ ಕಾಲ. ಮನೆಯಲ್ಲಿ ಮುತ್ತು ಪೋಣಿಸಿದ ಹಾಗೆ ಉರ್ದು ಬರೆಯುವವಳು ಸೊಸೆಯೊಬ್ಬಳೇ. ಹಸೀನಾಬೀ ಮಾಟದ ಕಟ್ಟು ಹಾಕಿದ್ದಾಳೆಂದು ಕಲ್ಯಾಣಮ್ಮ ತಾನೇ ಬರೆದಳು, ತಾನೇ ದಸ್ಕತ್ತು ಹಾಕಿದಳು. ಅದನ್ನು ಓದಿದ ಐವರೂ ಬರುವ ಸೋಮವಾರದ ಆಚೆಯ ಸೋಮವಾರ ಲಿಂಗಸುಗೂರಿನ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೂತು ಹಸೀನಾಬೀಯನ್ನು ತೆಗೆದುಹಾಕುವುದೆಂದು ಮಾತಾಯಿತು. ಅಲ್ಲಿಯವರೆಗೆ ಅವಳು ದವಾಖಾನೆಯ ಮೆಟ್ಟಿಲು ಹತ್ತುವಂತಿಲ್ಲ.

ಮುಂದಿನ ಗುರುವಾರ ಬಸ್ಸು ಬಂತು, ಹೋಯಿತು. ಯಾರೂ ಇಳಿಯಲಿಲ್ಲ.

ಕಟ್ಟು ಸಡಿಲಾಗಿತ್ತು. ಬಾಗಿಲು ಹಾಕಿಕೊಂಡು ಕಲ್ಯಾಣಮ್ಮ ತಾನೇ ಬಿಚ್ಚಿ, ಕನ್ನಡಿ ಹಿಡಿದು ನೋಡಿದಳು. ಕೆಂಪು ಗೆರೆ, ಒಂದು ತುದಿಯಲ್ಲಿ ತುಸು ದಪ್ಪ. ದಪ್ಪವಾಗುತ್ತಿದೆಯೋ ಇಳಿಯುತ್ತಿದೆಯೋ? ಹೋದ ತಿಂಗಳು ಹೇಗಿತ್ತು? ವಾರ ವಾರ ಕಣ್ಣಾರೆ ನೋಡಿದವಳಿಗೆ ಅದೇ ನೆನಪಾಗಲೊಲ್ಲದು. ಆಗ ಕಪಾಟಿನ ಮೇಲಿದ್ದ ಡಬ್ಬಿಯತ್ತ ಕಣ್ಣು ಹೋಯಿತು. ಮುಟ್ಟಬಾರದೆಂದು ಅತ್ತೆ ಅದರ ಮೇಲೆ ಬೇವಿನ ಸೊಪ್ಪು ಇಟ್ಟಿದ್ದಳು.

ಅಂಜುತ್ತಲೇ ಒಂದು ಕೆಂಪು ದಾರ ತೆಗೆದಳು. ಬಾಲದಲ್ಲಿ ಒತ್ತೊತ್ತಾಗಿ ಏಳು ಗಂಟು. ಇನ್ನೊಂದರ ಬಾಲಕ್ಕೆ ಆರು, ಮತ್ತೊಂದಕ್ಕೆ ಐದು. ಒಂದೇ ಗಂಟಿನದೂ ಒಂದಿತ್ತು. ಏಳು ಗುರುವಾರ, ಏಳು ದಾರ. ಏಳನೆಯದನ್ನು ಹಸೀನಾಬೀ ಹಿಡಿಯುತ್ತಿದ್ದ ಹಾಗೆ ಕಲೆಯ ಮೇಲೆ ಹಿಡಿದಳು. ಎರಡು ದೂರದ ಗಂಟುಗಳು ಗೆರೆಯ ಎರಡು ತುದಿಗೆ ಸರಿಯಾಗಿ ಕೂತವು. ನಡುವೆ ಇದ್ದ ಜೋಡಿ ಗಂಟನ್ನು ಗೆರೆಗೆ ಅಡ್ಡ ಹಿಡಿದಳು. ಗೆರೆಯ ದಪ್ಪಕ್ಕೆ ಅದೂ ಸರಿಯಾಯಿತು.

ಏಳನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಮೊದಲ ದಾರದಲ್ಲಿ ಆ ಜೋಡಿ ಗಂಟಿನ ನಡುವೆ ಕಡಲೆ ಕಾಳು ಕೂರುವಷ್ಟು ಜಾಗ. ಆಮೇಲೆ ತೊಗರಿಯಷ್ಟು. ಕೊನೆಯದರಲ್ಲಿ ಜೋಳದ ಕಾಳಷ್ಟು. ಐದನೆಯದರಲ್ಲಿ ಮಾತ್ರ ಮತ್ತೆ ಹಿಗ್ಗಿತ್ತು. ಐದನೆಯ ವಾರ! ಅತ್ತೆ ‘ಅರಗಿಣಿ ಹಂಗ ಕುಂತೀಯಲ್ಲ’ ಎಂದು ಚುಚ್ಚಿದ್ದಕ್ಕೆ ಸಿಟ್ಟಿನಲ್ಲಿ ತಾಮ್ರದ ಕೊಡ ಎತ್ತಿದ್ದಳು. ಎದೆಯಲ್ಲಿ ಏನೋ ಜಗ್ಗಿದಂತಾಗಿತ್ತು. ಯಾರಿಗೂ ಹೇಳಿರಲಿಲ್ಲ. ದಾರಕ್ಕೆ ಗೊತ್ತಾಗಿತ್ತು. ಹಸೀನಾಬೀ ಹಿತ್ತಲಲ್ಲಿ ಅಂದದ್ದು ಈ ಕಲೆಯ ಗಂಟನ್ನು: ‘ನಡುವ ಒಂದ ವಾರ ಗಂಟು ಹೆಚ್ಚಾಗಿತ್ತು, ಅಕೀ ಮುಂದ ಅನ್ನಬ್ಯಾಡ.’

ದರ್ಜಿಯ ಮಗಳು. ಅಕ್ಷರ ಬಾರದ ಅಪ್ಪ ಹಳ್ಳಿ ಹಳ್ಳಿ ತಿರುಗಿ ಯಾರ ತೋಳೆಷ್ಟು, ಯಾರ ಎದೆಯೆಷ್ಟು ಎಂದು ಹೇಗೆ ನೆನಪಿಟ್ಟುಕೊಂಡಾನು? ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ನೀವು ಓದಿದವರು, ನಗತೀರಿ ಎಂದದ್ದು ಇದಕ್ಕೆ.

ಹಾಗಾದರೆ ನೀಲಿ ಯಾರದು? ಹಸಿರು, ಕರಿ? ಎಲ್ಲೋ ಒಳಕೋಣೆಯ ಬಾಗಿಲು ಹಾಕಿಕೊಂಡು ಕೂತ ಬೇರೆ ಹೆಂಗಸರು. ಇಷ್ಟು ವಾರ ಮಾತಾಡಿದ ಹಸೀನಾಬೀ ಅವರಲ್ಲಿ ಒಬ್ಬರ ಹೆಸರೂ ಎತ್ತಿರಲಿಲ್ಲ. ಅತ್ತೆಯ ಮುಂದೆ ತನ್ನದನ್ನೂ ಎತ್ತಲಿಲ್ಲ. ‘ಚೆಂದಕ್ಕ ಮಾಡಿಸಿಕೊಂಡದ್ದು, ಅದಕ್ಕ ಅಳತಿ’ ಎಂದು ಅಂದು ಒಂದು ಮಾತು ಅಂದಿದ್ದರೆ ಅವಳ ಅನ್ನ ಉಳಿಯುತ್ತಿತ್ತು.

ಬಸವಂತರಾಯ ಅಂಗಡಿಯಿಂದ ಬಂದಾಗ ಹೆಂಡತಿ ಚಾಪೆಯ ಮೇಲೆ ದಾರ ಹರವಿಕೊಂಡು ಕೂತಿದ್ದಳು. ಎಲ್ಲ ಕೇಳಿ ಅವನು ಟೋಪಿ ತೆಗೆದು ಮೊಳೆಗೆ ಹಾಕಿದ. ‘ಅಪ್ಪಾರ ಮುಂದ ಹೇಳು.’

‘ಏನಂತ ಹೇಳಲಿ? ಅಳತಿ ಯಾಕ ಅಂತ ಕೇಳಿದ್ರ?’

ಅವನು ಬಗ್ಗಿ ಒಂದು ದಾರ ಎತ್ತಿ ನೋಡಿ ಮತ್ತೆ ಚಾಪೆಯ ಮೇಲಿಟ್ಟ. ಇವನೂ ಕೈ ಬಿಡುತ್ತಾನೇನೋ ಎಂಬ ಅನುಮಾನ ಅವಳಿಗೆ. ‘ಸೋಮವಾರ ನಾನೂ ಬರ್ತೀನಿ ನಿನ್ನ ಜೋಡಿ’ ಎಂದ.

ಸೋಮವಾರ ಜಿನ್ನಿನ ಅಂಗಳದಲ್ಲಿ ಹತ್ತಿ ತುಂಬಿದ ಅಂಡಿಗೆಗಳ ನೆರಳಿಗೆ ಹಸೀನಾಬೀ ಒಬ್ಬಳೇ ಕೂತಿದ್ದಳು. ಕಲ್ಯಾಣಮ್ಮನನ್ನು ಕಂಡು ಎದ್ದು ನಿಂತಳು. ‘ಕಟ್ಟು ಯಾರು ಹಾಕಿದ್ರು ರೀ? ಸಡ್ಲ ಐತಿ, ಹೆಗಲ ನೋಡಿದ್ರ ಗೊತ್ತಾಗತೈತಿ’ ಎಂದಳು. ಅಷ್ಟೇ. ಕಲ್ಯಾಣಮ್ಮ ತಲೆ ತಗ್ಗಿಸಿ ಒಳಗೆ ಹೋದಳು.

ಒಳಗೆ ಗಾದಿಯ ಮೇಲೆ ಮಾವನವರು ಮತ್ತೆ ನಾಲ್ವರು. ಗೋಡೆಗೆ ಟೆಲಿಫೋನಿನ ಪೆಟ್ಟಿಗೆ, ಅದರ ಕೆಳಗೆ ಮುನ್ಷಿ ಲಾಲಪ್ಪ.

‘ಮಾವಾರೆ, ನಾ ಬರೆದದ್ದು ತಪ್ಪಾಗೈತ್ರಿ,’ ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

ಅಮರಗುಂಡಪ್ಪ ಕನ್ನಡಕ ತೆಗೆದರು. ‘ತಪ್ಪಂದ್ರ? ಬರೀವಾಗ ಖರೇ ಇತ್ತು, ಇವತ್ತು ಸುಳ್ಳಾತೇನು?’

ಪಕ್ಕದವರೊಬ್ಬರು ಮೀಸೆಯಡಿಯಲ್ಲಿ ನಕ್ಕರು. ‘ನೋಡ್ರಿ ಅಮರಗುಂಡಪ್ಪಾರೆ, ಹೆಂಗ ತಿರುಗಿಸ್ಯಾಳ ಅಕೀ. ಕಟ್ಟು ಹಾಕಿದ್ರ ಹಿಂಗ ಆಗತೈತಿ. ಹಾಕಿಸಿಕೊಂಡವರ ಬಂದು ಅಕೀ ಒಳ್ಳ್ಯಾಕಿ ಅಂತಾರ.’

ಉಳಿದವರು ತಲೆದೂಗಿದರು. ಕಲ್ಯಾಣಮ್ಮ ಗಾದಿಯ ಕಡೆ ನೋಡಿದಳು. ತಾನು ಮುತ್ತು ಪೋಣಿಸಿದ ಹಾಗೆ ಬರೆದ ಕಾಗದ ಅವರ ಮುಂದಿತ್ತು. ಅದನ್ನು ಅಳಿಸಲು ಹೋದ ಮಾತೆಲ್ಲ ಅದಕ್ಕೇ ಸಾಕ್ಷಿಯಾಗುತ್ತಿತ್ತು.

‘ರಾಯಚೂರಿನ ಡಾಕ್ಟರಮ್ಮಾರು ಅಳತಿ ತಗೋ ಅಂತ ಹೇಳಿರಬೇಕ್ರಿ ಅಕೀಗೆ,’ ಎಂದ ಬಸವಂತರಾಯ.

‘ಅವರ ಬಾಯಿಂದ ಬರಲಿ, ಕೇಳತೀವಿ,’ ಎಂದರು ಮಾವ. ‘ಲಾಲಪ್ಪ, ರಾಯಚೂರು ಹಚ್ಚು.’

ಲಾಲಪ್ಪ ಹಿಡಿ ತಿರುವಿ, ಕೂಗಿ, ಕಾದು, ಮತ್ತೆ ಕೂಗಿದ. ಬಹಳ ಹೊತ್ತಿನ ಮೇಲೆ ಗಂಟೆ ಹೊಡೆಯಿತು. ‘ಬಂದಾರ್ರೀ, ಡಾಕ್ಟರಮ್ಮಾರ ಬಂದಾರ. ಗಟ್ಟ್ಯಾಗಿ ಮಾತಾಡ್ರಿ ತಂಗೆವ್ವ, ಲೈನು ಗೊರಗೊರ ಅಂತೈತಿ.’

ಕಲ್ಯಾಣಮ್ಮ ಅವನು ಕೊಟ್ಟ ಟೆಲಿಫೋನನ್ನು ಕಿವಿಗೆ ಹಿಡಿದಳು. ಈ ತಂತಿಯ ಮೇಲೆ ಇನ್ನೆಷ್ಟು ಜನ ಕಿವಿಯಿಟ್ಟಿದ್ದಾರೋ, ಬೆನ್ನ ಹಿಂದೆ ಕೂತ ಐವರಲ್ಲಿ ಯಾರು ಮೊದಲು ಮಸ್ಕಿ ಮುಟ್ಟಿ ಅತ್ತೆಗೆ ಹೇಳುತ್ತಾರೋ! ‘ಡಾಕ್ಟರಮ್ಮಾರೆ, ನಾ ಮಸ್ಕಿ ಕಲ್ಯಾಣಮ್ಮ ರೀ. ಹಸೀನಾಬೀಗೆ ಅಳತಿ ತಗೋ ಅಂತ ನೀವ ಹೇಳಿದ್ರಲ್ರೀ?’

ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ ದನಿ ಬಂತು. ಯಾವ ಕಲ್ಯಾಣಮ್ಮ? ಮಸ್ಕಿಯಿಂದ ಇಬ್ಬರು ಮೂವರು ಬಂದಿದ್ದರು. ಕೀವಿನ ಕೇಸೇ? ಕೀವಿನ ಗಾಯಕ್ಕೆ ನಾನು ಅಳತೆ ಹೇಳುವುದಿಲ್ಲವಲ್ಲ.

ಐವರೂ ಅವಳ ಬೆನ್ನನ್ನೇ ನೋಡುತ್ತಿದ್ದರು. ಬಾಗಿಲಾಚೆ ಅಂಡಿಗೆಯ ನೆರಳಲ್ಲಿ ಹಸೀನಾಬೀ ಬೇಡ ಬೇಡ ಎಂಬಂತೆ ಕೈ ಅಲ್ಲಾಡಿಸಿದಳು.

‘ಕೀವಲ್ರೀ,’ ಎಂದಳು ಕಲ್ಯಾಣಮ್ಮ. ‘ಚೆಂದಕ್ಕ ಮಾಡಿಸಿಕೊಂಡಾಕಿ.’

ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದಿತು ಆ ದನಿ.

ಅವಳು ಎರಡೂ ಕೈಯಿಂದ ಟೆಲಿಫೋನನ್ನು ಬಿಗಿಯಾಗಿ ಹಿಡಿದಳು. ‘ಚೆಂದಕ್ಕ ರೀ, ಚೆಂದಕ್ಕ! ಮುದುಡಿದ ಕಲಿ ತೆಗಿಸಿ ಹೊಲಿಸಿಕೊಂಡಾಕಿ! ಕೆಂಪು ದಾರ ನಂದ ರೀ!’ ಎಂದು ಜಿನ್ನಿನ ಅಂಗಳದ ಹಮಾಲರೂ ತಿರುಗಿ ನೋಡುವಂತೆ ಕೂಗಿದಳು. ಆ ಕಡೆಯಿಂದ ‘ಹಾಂ, ಹಾಂ, ನೆನಪಾಯಿತು’ ಎಂದು ಬಂದದ್ದೇ, ಅದನ್ನು ಮಾವನವರ ಕಡೆ ಚಾಚಿದಳು.

‘ತಗೋರಿ ಮಾವಾರೆ. ನೀವ ಕೇಳ್ರಿ.’